ಹುಳುಗಳಿಗೆ ಅತ್ತವರು

"ಮಿರ್ಸೋಲಿ ಮನೆ ಇದೇನಾ, ತಾಯಿ?"

ರಿಸೋಲತ್ ಹಿಪ್ಪುನೇರಳೆ ಮರದ ಮೇಲಿದ್ದಳು. ಕುಡುಗೋಲು ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಗಂಡನ ಹೆಸರನ್ನು ಅವಳೆದುರಿಗೆ ಯಾರಾದರೂ ಬಾಯಿಬಿಟ್ಟು ಹೇಳಿ ವರ್ಷಗಳೇ ಆಗಿದ್ದವು. ಕೆಳಗೆ, ಕಾಲುವೆಯ ದಂಡೆಯ ಮೇಲೆ, ಒಬ್ಬ ಗಂಡಸು ನಿಂತಿದ್ದ. ಮೇ ತಿಂಗಳ ಬಿಸಿಲಲ್ಲೂ ಹತ್ತಿ ತುಂಬಿದ ಕೋಟು. ತಲೆಯ ಮೇಲೆ ಮಾತ್ರ ಹೊಚ್ಚಹೊಸ ಟೋಪಿ. ಟೋಪಿ ನಮ್ಮ ಫರ್ಗಾನಾ ಸಂತೆಯದು, ಉಳಿದದ್ದೆಲ್ಲ ದೂರದ ಚಳಿಯದು. ಬಾಯಿ ತೆರೆದರೆ ಹಲ್ಲೇ ಇರಲಿಲ್ಲ. ಮುದುಕನೋ ಅಂದರೆ ಕಣ್ಣು ಮುದುಕನದಲ್ಲ.

"ನೀರು ಬೇಕಿದ್ರೆ ಕಾಲುವೇಲಿದೆ," ಎಂದಳು.

"ನೀರು ಬೇಡ. ನೀವು ಇಳೀಬೇಡಿ, ಸೊಪ್ಪು ಕಡೀತಾ ಇರಿ. ನೋಡಿದವರಿಗೆ ನಾನು ದಾರಿ ಕೇಳ್ತಿದೀನಿ ಅನ್ಸಬೇಕು."

ಅವಳು ಕಡಿದಳು. ಕೊಂಬೆ ಬಿದ್ದಾಗಲೆಲ್ಲ ಅವನು ಒಂದೊಂದು ಮಾತು ಹೇಳಿದ.

"ಅವನೂ ನಾನೂ ಒಂದೇ ಗರಗಸ ಎಳೀತಿದ್ವಿ. ಒಂದು ತುದಿ ಅವನದು, ಒಂದು ತುದಿ ನನ್ನದು. ಹೋದ ವರ್ಷದ ಹಿಂದಿನ ಚಳೀಲಿ ಅವನ ತುದಿ ನಿಂತೋಯ್ತು. ಕಣ್ಣು ನಾನೇ ಮುಚ್ಚಿದೆ. ಬಾಯೊಳಗೇ ಪ್ರಾರ್ಥನೆ ಓದಿದೆ. ಮಣ್ಣು ಕೊಡೋಕಾಗ್ಲಿಲ್ಲ, ಅಲ್ಲಿ ಮಣ್ಣು ಕಲ್ಲಾಗಿರುತ್ತೆ."

"ಯಾವ ಮಿರ್ಸೋಲಿಯೋ ಏನೋ," ರಿಸೋಲತ್ ಎಲೆಗಳಿಗೆ ಹೇಳುವಂತೆ ಹೇಳಿದಳು. "ಊರಿಗೊಬ್ಬ ಮಿರ್ಸೋಲಿ ಇರ್ತಾನೆ. ನೀವು ಬೇರೆ ಮನೆ ನೋಡಿ." ಪೊಲೀಸರು ಇಂಥವರನ್ನು ಕಳಿಸಿ ಬಾಯಿ ಬಿಡಿಸುವುದನ್ನು ಅವಳು ಕೇಳಿ ಬಲ್ಲಳು.

"ನೀವು ಹೀಗೇ ಅಂತೀರಿ ಅಂತ ಅವನೇ ಹೇಳಿದ್ದ." ಬಂದವನು ನಕ್ಕ. "ಅಲ್ಲಿ ನಮ್ಮ ಸೂರಿನ ಮೇಲೆ ಆಲಿಕಲ್ಲು ಬಿದ್ದಾಗೆಲ್ಲ, 'ಕೇಳು, ನಮ್ಮನೇಲಿ ಹುಳು ಮೇಯ್ತಾ ಇವೆ' ಅಂತಿದ್ದ. ಚಿಕ್ಕೋನಿದ್ದಾಗ ಹುಳುಮನೇಲೇ ಮಲಗ್ತಿದ್ನಂತೆ. ಹುಳು ಮೇಯೋ ಸದ್ದು ಕೇಳಿ ಮಳೆ ಬಂತು ಅಂದ್ಕೊಂಡು ಓಡಿಹೋಗಿ ಒಣಗಿ ಹಾಕಿದ ಬಟ್ಟೆ ಎಲ್ಲ ಎಳ್ಕೊಂಡು ಬಂದ್ಬಿಡ್ತಿದ್ನಂತೆ. ಅವರಮ್ಮ ನಗ್ತಿದ್ರಂತೆ."

ಗೋಡೆಯ ಆಚೆ ಕೊಂಬೆಗಳ ಹೊರೆ ದೊಪ್ಪನೆ ಬಿತ್ತು. ರಿಸೋಲತ್ ಮರದಿಂದ ಇಳಿದಳೋ ಜಾರಿದಳೋ. ಅತ್ತೆ ಹೋಜರ್ ಅಲ್ಲೇ ಸೊಪ್ಪು ಆಯುತ್ತಿದ್ದವಳು, ಎಲ್ಲ ಕೇಳಿಸಿಕೊಂಡಿದ್ದಳು. ಎರಡು ಕೈಯನ್ನೂ ಸೊಂಟದ ಮೇಲಿಟ್ಟು, ತಲೆ ಹಿಂದಕ್ಕೆ ಎತ್ತಿ, ಬಾಯಿ ತೆರೆದಿದ್ದಳು. ಇನ್ನೇನು ದನಿ ಬರಬೇಕು, ಸೊಸೆ ತನ್ನ ಅಂಗೈಯನ್ನು ಆ ಬಾಯಿಯ ಮೇಲೆ ಒತ್ತಿದಳು. ಅಂಗೈಗೆ ಹಿಪ್ಪುನೇರಳೆ ಹಾಲು ಮೆತ್ತಿತ್ತು. ಮುದುಕಿಯ ದನಿ ಆ ಅಂಟಿನೊಳಗೇ ಉಳಿಯಿತು.

ಕಾಲುವೆಯ ದಂಡೆ ನೋಡಿದರೆ ಯಾರೂ ಇರಲಿಲ್ಲ.

ನಮ್ಮ ಕಡೆ ಸತ್ತವರಿಗೆ ಸಲ್ಲಬೇಕಾದ ಮೊದಲ ಋಣ ಅಳು. ಹೆಂಗಸರು ಅಂಗಳದಲ್ಲಿ ನಿಂತು ಸತ್ತವನ ಗುಣ ಹೇಳಿ ಹೇಳಿ ಅಳುತ್ತಾರೆ. ಗಂಡಸರು ಕೋಟಿನ ಮೇಲೆ ಸೊಂಟಕ್ಕೆ ಚೌಕ ಬಿಗಿದು ಬಾಗಿಲ ಹೊರಗೆ ಸಾಲಾಗಿ ನಿಲ್ಲುತ್ತಾರೆ. ಸೊಂಟ ಕಟ್ಟಿದವನು ಸತ್ತವನ ಬಳಗ ಅಂತ ದಾರಿಹೋಕನಿಗೂ ಗೊತ್ತು. ಅಳಿಸಿಕೊಳ್ಳದೆ ಹೋದವನು ಹೊಸಿಲು ದಾಟಲಾರದೆ ಅಲ್ಲೇ ನಿಂತಿರುತ್ತಾನೆ ಅನ್ನುವುದು ಹಿರಿಯರ ಮಾತು. ಆದರೆ ಮಿರ್ಸೋಲಿಗೆ ಅಳುವುದು ಹೇಗೆ? ಯುದ್ಧದಲ್ಲಿ ಜರ್ಮನ್ನರ ಕೈಗೆ ಜೀವಂತ ಸಿಕ್ಕಿದ್ದ, ಅದೇ ಅವನ ತಪ್ಪು. ಸೆರೆಯಿಂದ ಬದುಕಿ ಬಂದು ಮನೆಯಲ್ಲಿ ಒಂದು ದ್ರಾಕ್ಷಿ ಸುಗ್ಗಿ ಕಳೆದ, ಅಷ್ಟೆ, ಪೊಲೀಸರು ಬಂದು ದೂರದ ಚಳಿಯ ಕೂಲಿಶಿಬಿರಕ್ಕೆ ಒಯ್ದರು. ಆಮೇಲೆ ಸರಕಾರ ಅವನು ಇದ್ದಾನೆ ಅನ್ನಲಿಲ್ಲ, ಸತ್ತ ಅನ್ನಲಿಲ್ಲ. ಸರಕಾರ ಹೇಳದ ಸಾವಿಗೆ ಅತ್ತರೆ ಮೊದಲ ಪ್ರಶ್ನೆಯೇ, ನಿಮಗೆ ಹೇಳಿದವರು ಯಾರು? ಗಿರಣಿ ಓಣಿಯ ಶರೋಫತ್ ತನ್ನ ಅಣ್ಣನಿಗಾಗಿ ಒಂದು ಮಧ್ಯಾಹ್ನ ಅತ್ತಿದ್ದಳು. ಶರೋಫತ್‌ಳೂ ಹೋದಳು, ಸುದ್ದಿ ತಂದವನೂ ಹೋದ. ಅವಳ ಅಂಗಳದಲ್ಲಿ ಈಗ ಕೋಲ್ಖೋಜಿನ, ಅಂದರೆ ಊರಿನ ಸಾಮೂಹಿಕ ಬೇಸಾಯದ, ಟ್ರಾಕ್ಟರ್ ನಿಲ್ಲುತ್ತದೆ.

ಮನೆಯ ಇದ್ದೊಂದು ದೊಡ್ಡ ಕೋಣೆ ಹುಳುಗಳದಾಗಿತ್ತು. ಪ್ರತಿ ವಸಂತದಲ್ಲೂ ಹಾಗೇ. ಸರಕಾರ ರೇಷ್ಮೆಮೊಟ್ಟೆ ಕೊಡುತ್ತದೆ, ಮನೆಯವರು ಹಾಸಿಗೆ ಎತ್ತಿಕೊಂಡು ಜಗುಲಿಗೆ ಬರುತ್ತಾರೆ. ಬೇಡ ಅನ್ನುವ ಹಾಗಿಲ್ಲ. ನೆಲದಿಂದ ಸೂರಿನವರೆಗೆ ಜೊಂಡಿನ ತಟ್ಟೆಗಳು. ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಪೊರೆ ಕಳಚಿ, ಎದ್ದ ಹುಳುಗಳು, ಬೆರಳುದ್ದ, ಹಗಲೂ ರಾತ್ರಿ ಮೇಯುತ್ತಿದ್ದವು. ಬಾಗಿಲಲ್ಲಿ ನಿಂತರೆ ಒಳಗೆ ಜಡಿಮಳೆ. ಜನದ್ರೋಹಿಯ ಹೆಂಡತಿ ಅನ್ನಿಸಿಕೊಂಡ ರಿಸೋಲತ್ ಆ ಹುಳುಗಳನ್ನು ಕೋಲ್ಖೋಜಿನಲ್ಲೇ ಎಲ್ಲರಿಗಿಂತ ಚೆನ್ನಾಗಿ ಸಾಕುತ್ತಿದ್ದಳು. ಬೇರೆಯವರ ತಟ್ಟೆಯಲ್ಲಿ ಹುಳು ಸತ್ತರೆ ಅದು ರೋಗ, ಅವಳ ತಟ್ಟೆಯಲ್ಲಿ ಸತ್ತರೆ ದ್ರೋಹ.

ಮಧ್ಯಾಹ್ನ ತೋಶ್ಮತ್ ಬಂದ. ಹುಳು ಸಾಕುವ ಮನೆಗಳ ಮೇಲ್ವಿಚಾರಣೆ ಅವನದು. ಮಿರ್ಸೋಲಿಯ ಜೊತೆ ಇದೇ ಕಾಲುವೆಯಲ್ಲಿ ಈಜಿ ಬೆಳೆದವನು. ನಾಲಿಗೆಯಡಿ ಇಟ್ಟಿದ್ದ ಹೊಗೆಸೊಪ್ಪಿನ ಪುಡಿಯನ್ನು ಬಾಗಿಲಾಚೆ ಉಗಿದು, ಪುಡಿಯ ಸೋರೆಬುರುಡೆಯನ್ನು ಗೋಡೆಯ ಮೇಲಿಟ್ಟು, ಬಾಯಿ ಮುಕ್ಕಳಿಸಿ, ಕೈ ತೊಳೆದು ಒಳಗೆ ಬಂದ. ಹೊಗೆಸೊಪ್ಪು ತಾಗಿದರೆ ಹುಳು ಉಳಿಯುವುದಿಲ್ಲ. ಹೆಂಡತಿಯ ಮಾತಿಗೆ ಹೆದರದ ಗಂಡಸರೂ ಈ ಒಂದು ತಿಂಗಳು ಅದಕ್ಕೆ ಹೆದರುತ್ತಾರೆ.

"ದೊಡ್ಡಮ್ಮ ಯಾಕೆ ಹಿಂಗೆ ಕೂತವ್ರೆ?"

"ಹಲ್ಲುನೋವು," ಎಂದಳು ರಿಸೋಲತ್.

"ಎರಡೇ ಇದ್ವು, ಅವೂ ತೊಂದ್ರೆ ಕೊಡ್ತಾವಾ?" ತಟ್ಟೆಗಳನ್ನು ಒಂದೊಂದಾಗಿ ನೋಡಿದ. "ಚೆನ್ನಾಗವೆ. ಇನ್ನು ಮೂರ್ನಾಕು ದಿನಕ್ಕೆ ಹಣ್ಣಾಗಿ ಗೂಡು ಕಟ್ತವೆ. ಮನೇಲಿ ಈರುಳ್ಳಿ ಹುರೀಬೇಡಿ, ಜಗಳ ಆಡ್ಬೇಡಿ, ಯಾರೂ ಸಾಯ್ಬೇಡಿ. ಸಾಯೋದಿದ್ರೆ ಗೂಡು ಕಟ್ಟಿದ ಮೇಲೆ ಸಾಯಿರಿ." ಎಲ್ಲ ಮನೆಯಲ್ಲೂ ಅವನು ಇದನ್ನೇ ಹೇಳಿ ನಗುತ್ತಿದ್ದ. ಹೋಜರ್ ಅಜ್ಜಿ ತಲೆ ಎತ್ತಿ ಅವನನ್ನೇ ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ ಅವನ ನಗು ಅವನಿಗೇ ಭಾರವಾಯಿತು. ಬುರುಡೆ ಎತ್ತಿಕೊಂಡು ಹೊರಟ.

ಅಜ್ಜಿ ಅಂದು ಉಣ್ಣಲಿಲ್ಲ. ಮಾರನೆಯ ದಿನವೂ ಇಲ್ಲ. ರೊಟ್ಟಿಯನ್ನು ಚಹಾದಲ್ಲಿ ನೆನೆಸಿ ಬಾಯಿಗಿಟ್ಟರೆ ಬದಿಯಿಂದ ಇಳಿಯುತ್ತಿತ್ತು. ಹೊಸಿಲಿಗೆ ಎದುರಾಗಿ ಕೂತು, ಯಾರೋ ಅಲ್ಲಿ ನಿಂತಿರುವಂತೆ, ಅವರು ಒಳಗೆ ಬರಲಿ ಅಂತ ಕಾಯುವಂತೆ ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಬಿಡುತ್ತಿದ್ದಳು.

"ಅತ್ತೆ, ಮುಸುಕಿನೊಳಗೆ ಅಳಿ. ಸಣ್ಣಗೆ ಅಳಿ," ರಿಸೋಲತ್ ಕಿವಿಯಲ್ಲಿ ಹೇಳಿದಳು.

"ಬೆಕ್ಕು ಸತ್ರೆ ಹಾಗೆ ಅಳ್ತಾರೆ," ಎಂದಳು ಮುದುಕಿ. ಎರಡು ದಿನದಲ್ಲಿ ಆಡಿದ ಮೊದಲ ಮಾತು ಅದು. ಹೊಸಿಲಿನ ಕಡೆ ನೋಡಿ, "ಬಾಗಿಲಲ್ಲಿ ಸೊಂಟ ಕಟ್ಕೊಂಡು ನಿಲ್ಲೋಕೆ ಒಬ್ಬ ಗಂಡಸೂ ಇಲ್ವಲ್ಲೇ," ಎಂದಳು.

ಜರಡಿ ಕೇಳುವ ನೆಪದಲ್ಲಿ ನೆರೆಮನೆಯ ಕುಮ್ರಿ ಬಂದಳು. ಕುಮ್ರಿ ಅಂದರೆ ಹಿಂದೆ ನಾಕೂರಿಗೆ ಹೆಸರಾದ ಅಳುಗಾತಿ. ಸತ್ತ ಮನೆಯಲ್ಲಿ ಮೊದಲ ದನಿ ಎತ್ತುವವಳು ಅವಳೇ. ಅದು ಮೂಢನಂಬಿಕೆ ಎಂದು ಸಭೆಯಲ್ಲಿ ಛೀಮಾರಿ ಹಾಕಿದ ಮೇಲೆ ಕೋಲ್ಖೋಜಿನಲ್ಲಿ ಹತ್ತಿ ಬಿಡಿಸುತ್ತಿದ್ದಳು. ಜಗುಲಿಯ ಮೇಲಿದ್ದ ಅಜ್ಜಿಯ ಮುಖ ನೋಡಿದ್ದೇ ಜರಡಿ ಮರೆತಳು.

"ಯಾವಾಗ?" ಎಂದಳು. ಯಾರು ಅಂತ ಕೇಳಲೇ ಇಲ್ಲ.

ರಿಸೋಲತ್ ತಲೆ ತಗ್ಗಿಸಿದಳು. ಕುಮ್ರಿ ಅಜ್ಜಿಯ ಪಕ್ಕ ಕೂತು ಅವಳ ಎದೆಯ ಮೇಲೆ ಕೈಯಿಟ್ಟು, ಹಿಟ್ಟು ಹುದುಗಿದೆಯೋ ಇಲ್ಲವೋ ನೋಡುವವಳಂತೆ ಒತ್ತಿದಳು.

"ಗಡ್ಡೆಕಟ್ಟಿದೆ. ಇದು ಹೊರಗೆ ಬರ್ದಿದ್ರೆ ಮುದುಕಿ ವಾರ ಉಳಿಯಲ್ಲ ಕಣೇ. ನಾನು ಇಂಥವರನ್ನ ನೋಡಿದೀನಿ."

"ಹೊರಗೆ ಬಂದ್ರೆ ಇನ್ನೂ ಬೇಗ ಒಯ್ತಾರೆ."

"ಅದೂ ಸರಿ." ಕುಮ್ರಿ ಕಾಲುವೆಯ ಕಡೆ ಒಮ್ಮೆ ನೋಡಿದಳು. "ಈ ಕಾಲದಲ್ಲಿ ಸತ್ರೆ ಹೋರಿಯಾಗಿ ಸಾಯ್ಬೇಕು. ಹೋದ ವರ್ಷ ಕೋಲ್ಖೋಜಿನ ಹೋರಿ ಸತ್ತಾಗ ಹಾಲು ಕರೆಯೋ ತಾಜಿ ಅದರ ಕತ್ತು ತಬ್ಬಿ ಅತ್ಲು. ಅವಳಿಗೆ ಶಾಲು ಕೊಟ್ರು, ಗೋಡೆಪತ್ರಿಕೇಲಿ ಫೋಟೋ ಹಾಕಿದ್ರು. ಪಾಪ, ಅವಳು ಅತ್ತಿದ್ದು ಅವರು ಒಯ್ದ ತಮ್ಮನಿಗೆ. ತಮ್ಮನಿಗೆ ಅಂತ ಅತ್ತಿದ್ರೆ ಶಾಲಿನ ಬದಲು ಹಗ್ಗ ಬರ್ತಿತ್ತು."

ಅವಳು ಜರಡಿ ತೆಗೆದುಕೊಂಡು ಹೋದಳು. ರಿಸೋಲತ್ ಹುಳುಮನೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದಳು. ಒಳಗೆ ಮಳೆ ಸುರಿಯುತ್ತಲೇ ಇತ್ತು.

ಇವು ಕೂದಲೆಳೆಯಷ್ಟಿದ್ದಾಗ ಮೊಟ್ಟೆಯ ಚೀಲವನ್ನು ಎದೆಯ ನಡುವೆ ಇಟ್ಟು ಕಾವು ಕೊಟ್ಟವಳು ಅವಳು. ಚಿಗುರನ್ನು ನವಿರಾಗಿ ಹೆಚ್ಚಿ ತಿನ್ನಿಸಿದವಳು. ಮಕ್ಕಳಿಲ್ಲದ ಮನೆಯಲ್ಲಿ ಪ್ರತಿ ವರ್ಷ ಒಂದು ತಿಂಗಳು ಇವೇ ಮಕ್ಕಳು. ಆದರೆ ಈ ಮಕ್ಕಳ ರೇಷ್ಮೆಯ ಒಂದು ಎಳೆಯೂ ಮನೆಗೆ ಉಳಿದದ್ದಿಲ್ಲ. ಮದುವೆಯ ರೇಷ್ಮೆ ನೆಯ್ಯುತ್ತಿದ್ದ ಮಾವನ ಮಗ್ಗವನ್ನು ಒಡೆದು ಒಲೆಗೆ ಹಾಕಿದವರೇ ಮೊಟ್ಟೆ ಕೊಟ್ಟು ಗೂಡು ಒಯ್ಯುತ್ತಿದ್ದರು. ಐದು ವರ್ಷ ಅವಳು ತಗ್ಗಿ ನಡೆದಿದ್ದಳು. ಹುಳು ಚೆನ್ನಾಗಿದ್ದರೆ ಮಿರ್ಸೋಲಿಯನ್ನು ಬಿಡುತ್ತಾರೇನೋ ಅಂತ ಒಳಗೊಳಗೇ ಒಂದು ಲೆಕ್ಕ ಇಟ್ಟುಕೊಂಡಿದ್ದಳು. ಯಾರೂ ಹಾಗಂತ ಮಾತು ಕೊಟ್ಟಿರಲಿಲ್ಲ. ಅವಳೇ ಕಟ್ಟಿಕೊಂಡ ಗೂಡು ಅದು.

ಜಗುಲಿಯಲ್ಲಿ ಅತ್ತೆ ಮತ್ತೆ ಪಕ್ಕಕ್ಕೆ ಸರಿದು ಹೊಸಿಲಿಗೆ ಜಾಗ ಬಿಟ್ಟಳು.

ರಿಸೋಲತ್ ಮಾವನ ಹಳೆಯ ಪೆಟ್ಟಿಗೆ ತೆಗೆದಳು. ಅವನ ಪುಡಿಯ ಬುರುಡೆ ಅಲ್ಲೇ ಇತ್ತು, ಬಿರಡೆ ಬಿಗಿದದ್ದು ಬಿಗಿದ ಹಾಗೆ. ಬಿಚ್ಚಿದರೆ ಘಾಟು ಇನ್ನೂ ಜೀವಂತವಾಗಿತ್ತು. ಬೋಗುಣಿಯಲ್ಲಿ ನೀರು ಹಾಕಿ ಪುಡಿ ಕದಡಿದಳು. ಹಿಪ್ಪುನೇರಳೆ ಕೊಂಬೆಗಳನ್ನು ಅದರಲ್ಲಿ ಅದ್ದಿ ಅದ್ದಿ, ಎಂದಿನಂತೆ ತುದಿ ಒಂದೇ ಕಡೆಗೆ ಬರುವಂತೆ ಒಪ್ಪವಾಗಿ, ಮೇಲಿನ ತಟ್ಟೆಯಿಂದ ಕೆಳಗಿನ ತಟ್ಟೆಯವರೆಗೆ ಹಾಸಿದಳು. ಬುರುಡೆಯನ್ನು ಕಾಲುವೆಗೆ ಎಸೆದಳು. ಹುಳುಗಳು ಅವಳ ಕೈ ಬಲ್ಲವು, ಅನುಮಾನಿಸಲಿಲ್ಲ. ಮೊದಲು ಮೇಲಿನ ತಟ್ಟೆಗಳಲ್ಲಿ ಮಳೆ ತೆಳುವಾಯಿತು. ಹುಳುಗಳು ತಲೆ ಎತ್ತಿ ಅತ್ತಿತ್ತ ತೂಗಿದವು, ಹಸಿರು ನೀರು ಕಾರಿದವು. ಆಮೇಲೆ ನಡುವಿನವು. ಆಮೇಲೆ ಎಲ್ಲೋ ಒಂದು ಮೂಲೆಯಲ್ಲಿ ಹನಿ ಬಿದ್ದ ಹಾಗೆ ಒಂದೆರಡು ಸದ್ದು. ಮಳೆ ನಿಂತಿತು.

ಅವಳು ಹೊರಗೆ ಬಂದು ಅತ್ತೆಯ ಮುಂದೆ ಕೂತಳು.

"ಅತ್ತೆ, ಹುಳು ಸತ್ತೋದ್ವು. ಎಲ್ಲಾ ಸತ್ತೋದ್ವು. ಈಗ ಅಳಿ."

ಹೋಜರ್ ಅಜ್ಜಿ ಸೊಸೆಯ ಕೈ ಹಿಡಿದು ಮೂಸಿದಳು. ಗಂಡನ ವಾಸನೆ ಅದು, ಅವಳಿಗೆ ತಿಳಿಯದೆ ಇರುತ್ತದೆಯೇ. "ನಿನ್ನ ಒಯ್ತಾರಲ್ಲೇ, ಹುಚ್ಚಿ," ಎಂದಳು.

"ಒಯ್ಲಿ. ಅಳಿ."

ಮುದುಕಿ ಎದ್ದು ನಿಂತಳು. ಕೈಗಳು ತಾವಾಗಿ ಸೊಂಟ ಹುಡುಕಿದವು. ಮೊದಲ ದನಿ ದನಿಯಂತಿರಲಿಲ್ಲ, ತುಕ್ಕು ಹಿಡಿದ ಬಾವಿಯ ರಾಟೆಯಂತಿತ್ತು. ಎರಡನೆಯದು ಗೋಡೆ ದಾಟಿತು. ಕುಮ್ರಿ ತನ್ನ ಅಂಗಳದಲ್ಲಿ ಜರಡಿ ಕೆಳಗೆ ಹಾಕಿ, ಗೋಡೆ ಹತ್ತಿ ಇಣುಕಿ, ಒಂದೇ ನೋಟಕ್ಕೆ ಎಲ್ಲ ತಿಳಿದು, ಊರಿಗೆಲ್ಲ ಕೇಳುವಂತೆ ರಾಗ ಎತ್ತಿದಳು:

"ಅಯ್ಯೋ ಸರಕಾರದ ಹುಳುಗಳೇ, ಗೂಡು ಕಟ್ಟದೆ ಹೋದಿರಲ್ಲಾ..."

ಬಾಗಿಲುಗಳು ತೆರೆದವು. ಒಲೆಯ ಮುಂದಿನಿಂದ, ಹತ್ತಿ ಹೊಲದ ಬದುವಿನಿಂದ, ತೊಟ್ಟಿಲ ಪಕ್ಕದಿಂದ ಹೆಂಗಸರು ಬಂದರು. ಸತ್ತದ್ದೇನು ಅಂತ ಕೇಳಿದವರಿಗೆ ಕುಮ್ರಿ ಹುಳುಮನೆಯ ಬಾಗಿಲು ತೋರಿಸಿದಳು. ಇಣುಕಿ ನೋಡಿದರು, ಹೋಜರ್ ಅಜ್ಜಿಯ ಮುಖ ನೋಡಿದರು, ಮತ್ತೆ ಏನೂ ಕೇಳಲಿಲ್ಲ. ಅಂಗಳದಲ್ಲಿ ದುಂಡಗೆ ನಿಂತರು. ಹಾಲಿನ ತಾಜಿ ಬಂದಳು, ಶಾಲು ಹೊದ್ದೇ ಬಂದಳು. ಯುದ್ಧಕ್ಕೆ ಹೋದ ಗಂಡನ ಹೆಸರು ಯಾವ ಕಾಗದದಲ್ಲೂ ಬಾರದವಳು ಬಂದಳು. ಬರಗಾಲದಲ್ಲಿ ದಾರಿ ಬದಿ ಬಿಟ್ಟುಬಂದ ಕೂಸನ್ನು ಇಪ್ಪತ್ತು ವರ್ಷ ಬಾಯಲ್ಲಿ ತರದವಳು ಬಂದಳು. ಒಬ್ಬೊಬ್ಬರೂ ತಮ್ಮ ತಮ್ಮ ಸತ್ತವರನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಂತಿತ್ತು. ರಿಸೋಲತ್ ಗೋಡೆಗೆ ಒರಗಿ ನಿಂತಿದ್ದವಳು ಯಾವಾಗ ಆ ದುಂಡಿನೊಳಗೆ ಸೇರಿದಳೋ ಅವಳಿಗೇ ತಿಳಿಯಲಿಲ್ಲ.

ತೋಶ್ಮತ್ ಬಂದಾಗ ಜೊತೆಯಲ್ಲಿ ಕೋಲ್ಖೋಜಿನ ಅಧ್ಯಕ್ಷನೂ ಇದ್ದ. ಅಧ್ಯಕ್ಷ ಬೇರೆ ಜಿಲ್ಲೆಯಿಂದ ಹೊಸದಾಗಿ ಬಂದವನು, ಇಲ್ಲಿಯವರ ಮುಖ ಇನ್ನೂ ಕಲಿಯುತ್ತಿದ್ದ. ಸಾವಿನ ಮನೆ ಎಂದುಕೊಂಡು ಬಾಗಿಲಲ್ಲೇ ನಿಂತ.

"ಯಾರು ಸತ್ತಿದ್ದು?"

"ಹುಳು ಕಾಮ್ರೇಡ್ ಅಧ್ಯಕ್ಷರೇ, ಹುಳು," ಕುಮ್ರಿ ಕಣ್ಣೊರೆಸಿಕೊಂಡಳು. "ಯೋಜನೆ ಹಾಳಾಯ್ತಲ್ಲ ಅಂತ ಸಂಕಟ ತಡೀಲಾರ್ದೆ ಅಳ್ತಾ ಇದೀವಿ."

ಅಧ್ಯಕ್ಷ ಒಳಗೆ ಹೋಗಿ ಬಂದ. ಮುಖ ಸುಣ್ಣದಂತಾಗಿತ್ತು, ಅವನ ಮೇಲೂ ಒಬ್ಬ ಅಧ್ಯಕ್ಷ ಇರುತ್ತಾನಲ್ಲ. "ಸಾಮೂಹಿಕ ಆಸ್ತಿಗಾಗಿ ಜನ ಹೀಗೆ ಅಳೋದು ಪ್ರಜ್ಞೆಯ ಲಕ್ಷಣ," ಎಂದು ಯಾರಿಗೋ ಹೇಳಿದ. ಕೂಡಲೇ ದನಿ ಬದಲಾಯಿತು. "ಆದರೆ ಒಳಗೆ ಹೊಗೆಸೊಪ್ಪಿನ ಘಾಟಿದೆ. ಈ ಮನೇಲಿ ಗಂಡಸರು ಯಾರು?"

"ಗಂಡಸರಿಲ್ಲ," ಎಂದ ತೋಶ್ಮತ್.

"ಹಾಗಾದ್ರೆ ದಿನಾ ಒಳಗೆ ಹೋಗಿಬರೋ ಗಂಡಸು ಯಾರು?" ಅಧ್ಯಕ್ಷನ ಕಣ್ಣು ತೋಶ್ಮತನ ನಡುವಿನಲ್ಲಿ ತೂಗುತ್ತಿದ್ದ ಬುರುಡೆಯ ಮೇಲೆ ಬಿತ್ತು. ತಪ್ಪಿಗೊಂದು ತಲೆ ಬೇಕಿತ್ತು, ಸಿಕ್ಕಿತ್ತು.

ತೋಶ್ಮತನ ಕೈ ಬುರುಡೆಯನ್ನು ಮುಚ್ಚಿತು. ಅವನ ಹಿಂದೆ ಹೋಜರ್ ಅಜ್ಜಿಯ ಹಾಡು ಇನ್ನೂ ನಡೆದಿತ್ತು. "ಹೆಪ್ಪುಗಟ್ಟಿದ ಕಾಡಿನಲ್ಲಿ ಗರಗಸ ಹಿಡಿದ ಕೈಯೇ, ನನ್ನ ಬಟ್ಟೆ ನೆನೀದ ಹಾಗೆ ಕಾದ ಕೈಯೇ..." ಹುಳುವಿಗೆ ಎಲ್ಲಿಯ ಕೈ. ತೋಶ್ಮತ್ ನಿಧಾನವಾಗಿ ತಿರುಗಿ ಮುದುಕಿಯನ್ನು ನೋಡಿದ. ಮಳೆ ಬಂತು ಅಂತ ಬಟ್ಟೆ ಎಳೆದು ತರುತ್ತಿದ್ದ ಹುಡುಗನ ಜೊತೆ ಇನ್ನೊಂದು ತುದಿ ಹಿಡಿದು ಓಡುತ್ತಿದ್ದವನು ಅವನೇ. ಈ ಅಳು ಮಿರ್ಸೋಲಿಗೆ ಅಂತ ಒಂದು ಮಾತು ಅಧ್ಯಕ್ಷನ ಕಿವಿಗೆ ಹಾಕಿದ್ದರೆ ಅವನ ತಲೆ ಉಳಿಯುತ್ತಿತ್ತು. ಹಾಕಲಿಲ್ಲ. ಹಾಕುತ್ತಿದ್ದನೋ ಏನೋ, ರಿಸೋಲತ್ ಅಷ್ಟು ಹೊತ್ತು ಕೊಡಲಿಲ್ಲ.

"ಅವರು ಪುಡಿ ಹೊರಗಿಟ್ಟೇ ಬರ್ತಾರೆ, ಕೇರಿಗೆಲ್ಲ ಗೊತ್ತು," ಎಂದು ಮುಂದೆ ಬಂದಳು. "ಸೊಪ್ಪು ಸಾಲ್ದೆ ಹೊಗೆಸೊಪ್ಪಿನ ಹೊಲದ ಬದೀಲಿರೋ ಮರದ್ದು ಕಡ್ಕೊಂಡು ಬಂದೆ. ತೊಳೀಲಿಲ್ಲ. ತಪ್ಪು ನನ್ನದು. ಬರ್ಕೊಳ್ಳಿ."

ಅಧ್ಯಕ್ಷ ಬರೆದುಕೊಂಡ. ಮನೆಯ ಹಸುವನ್ನು ದಂಡವೆಂದು ಸಂಜೆಯೇ ಹೊಡೆದುಕೊಂಡು ಹೋದರು. ಮಾರನೆಯ ಬೆಳಿಗ್ಗೆ ರಿಸೋಲತ್‌ಳನ್ನು ವಿಚಾರಣೆಗೆ ಜಿಲ್ಲಾ ಕೇಂದ್ರಕ್ಕೆ ಮುಟ್ಟಿಸುವ ಕೆಲಸ ತೋಶ್ಮತನ ಪಾಲಿಗೆ ಬಂತು.

ಬೆಳಿಗ್ಗೆ ಹೋಜರ್ ಅಜ್ಜಿ ಖಾಲಿಯಾದ ದೊಡ್ಡ ಕೋಣೆಯಲ್ಲಿ, ನೆಲದ ಮೇಲೆ, ಗೊರಕೆ ಹೊಡೆಯುತ್ತಾ ಮಲಗಿದ್ದಳು. ಎಬ್ಬಿಸಿದಾಗ ಎದ್ದು ಕೂತು ರೊಟ್ಟಿ ಕೇಳಿದಳು. ಅರ್ಧ ತಿಂದು ಉಳಿದರ್ಧವನ್ನು ಸೊಸೆಯ ಚೌಕದಲ್ಲಿ ಕಟ್ಟಿದಳು. ಮನೆ ಬಿಡುವವರು ಕಚ್ಚಿಟ್ಟ ರೊಟ್ಟಿ ಅವರನ್ನು ಮತ್ತೆ ಕರೆಯುತ್ತದೆಂದು ರಿಸೋಲತ್‌ಳಿಂದಲೂ ಒಂದು ತುಂಡು ಕಚ್ಚಿಸಿ, ಗೋಡೆಯ ಗೂಡಿನಲ್ಲಿಟ್ಟಳು. ಅಲ್ಲಿ ಮಿರ್ಸೋಲಿ ಕಚ್ಚಿದ ರೊಟ್ಟಿಯೂ ಇತ್ತು, ಕಲ್ಲಿನಂತಾಗಿತ್ತು. ಮುದುಕಿ ಅದನ್ನು ಕೈಗೆತ್ತಿಕೊಂಡು ಹೊರಗೆ ಬಂದು ಹಕ್ಕಿಗಳಿಗೆ ಪುಡಿಮಾಡತೊಡಗಿದಳು.

"ಇವಳನ್ನ ನಾನು ನೋಡ್ಕೋತೀನಿ ಬಿಡು," ಎಂದಳು ಕುಮ್ರಿ. "ಬಾಯಿಬಡಕಿಗೆ ಬಾಯಿಬಡಕಿ ಜೊತೆ. ನೀನು ಬೇಗ ಬಾ, ಇಬ್ಬರ ಮಧ್ಯೆ ಸಿಕ್ಕಿ ಕೇರಿ ಸತ್ತೋಗುತ್ತೆ."

ಗಾಡಿ ಹೊರಟಿತು. ತೋಶ್ಮತ್ ಮುಂದೆ, ರಿಸೋಲತ್ ಹಿಂದೆ ಹುಲ್ಲಿನ ಮೇಲೆ. ಅವನು ತಿರುಗಿ ನೋಡಲಿಲ್ಲ. ಕುದುರೆಯ ಗೊರಸಿನ ಸದ್ದು ಮಾತ್ರ.

ಓಣಿಯ ತಿರುವಿನಲ್ಲಿ ಮೊದಲ ಬಾಗಿಲ ಮುಂದೆ ಕಮ್ಮಾರ ನಿಂತಿದ್ದ. ಅಷ್ಟು ಸೆಖೆಯಲ್ಲೂ ಹತ್ತಿಯ ನಿಲುವಂಗಿ ತೊಟ್ಟು, ಅದರ ಮೇಲೆ ಸೊಂಟಕ್ಕೆ ಚೌಕ ಬಿಗಿದಿದ್ದ. ಕಣ್ಣು ನೆಲದ ಮೇಲೆ. ಅವನಾಚೆಯ ಬಾಗಿಲಲ್ಲಿ ಮೇಷ್ಟ್ರು, ಸೂಟಿನ ಮೇಲೆ ಚೌಕ. ಅವರಾಚೆ ಒಂದು ಕಾಲಿನ ಕುರುಬ, ಊರುಗೋಲಿನ ಮೇಲೆ. ಕಾಲುವೆಯ ಸೇತುವೆಯವರೆಗೆ, ಬಾಗಿಲಿಗೊಬ್ಬರಂತೆ, ಯಾರೂ ಯಾರನ್ನೂ ನೋಡದೆ ನಿಂತಿದ್ದರು.

ಸೇತುವೆಯ ಮೇಲೆ ತೋಶ್ಮತ್ ಲಗಾಮನ್ನು ಮಂಡಿಯಡಿ ಒತ್ತಿಟ್ಟುಕೊಂಡ. ಕಿಸೆಯಿಂದ ಚೌಕ ತೆಗೆದು, ಎರಡು ಸಲ ಮಡಚಿ, ಕೋಟಿನ ಮೇಲೆ ಸೊಂಟಕ್ಕೆ ಸುತ್ತಿ ಗಂಟು ಹಾಕಿದ. ಕುದುರೆ ದಾರಿ ಬಲ್ಲದ್ದು, ತನ್ನ ಪಾಡಿಗೆ ನಡೆಯುತ್ತಿತ್ತು.